ನಮ್ಮೂರಿನ ಹೆಸರಿಟ್ಟು ಕಾದಂಬರಿ ಅಚ್ಚು ಹಾಕಿದ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಕಾಶಕರಿಗೆ ಮತ್ತು ಸಂಪಾದಕ ಬಳಗಕ್ಕೆ,

ಕಲಬುರಗಿಯಿಂದ ಶರಣು ಶರಣಾರ್ಥಿಗಳು.

ನಾನು ಇಲ್ಲಿನ ಗಂಜಿನ, ಅಂದರೆ ಕಾಳುಕಡಿಯ ಮಾರುಕಟ್ಟೆಯ, ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ 31 ವರ್ಷ ಮುನೀಮನಾಗಿದ್ದವನು. ಹಗಲೆಲ್ಲ ಲೆಕ್ಕ ಬರೆಯುತ್ತಿದ್ದೆ, ರಾತ್ರಿ ಕಾದಂಬರಿ ಓದುತ್ತಿದ್ದೆ. ಕೆಲಸ ಬಿಟ್ಟು ಈಗ ಆರು ವರ್ಷ. ಓದು ಬಿಟ್ಟಿಲ್ಲ. ನೀವು ಕಳೆದ ವರ್ಷ ಹೊರತಂದ ಒಂದು ಕಾದಂಬರಿಯ ಬಗ್ಗೆ ಈ ಪತ್ರ. ಅದರ ಹೆಸರನ್ನಾಗಲಿ, ಲೇಖಕರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಯಾರ ಮಾನ ತೆಗೆಯಬೇಕು ಅಂತಲೂ ಬರೆಯುತ್ತಿಲ್ಲ. ನಿಮ್ಮ ಕಚೇರಿಗೆ ಎರಡು ಸಲ ಕಾಗದ ಹಾಕಿದೆ, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರ ಮುಂದೆ ಇಡುತ್ತಿದ್ದೇನೆ.

ಆ ಪುಸ್ತಕ ನನಗೆ ಸ್ಟೇಷನ್ ರೋಡಿನ ಒಂದು ಅಂಗಡಿಯಲ್ಲಿ ಕಂಡಿತು. ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ನಮ್ಮೂರಿನ ಹೆಸರು. ಒಂದೇ ಊರಿನಲ್ಲಿ ಐದು ಜನರ ಬದುಕು ಹೇಗೆ ಒಂದಕ್ಕೊಂದು ಹೆಣೆದುಕೊಂಡಿದೆ ಎನ್ನುವ ಕಥೆ ಎಂದು ಹಿಂಬದಿಯಲ್ಲಿ ನೀವು ಬರೆದಿದ್ದೀರಿ. 412 ಪುಟ, 450 ರೂಪಾಯಿ. ಬೆಲೆ ನೋಡದೆ ತೆಗೆದುಕೊಂಡೆ. ನಮ್ಮೂರಿನ ಹೆಸರು ಪತ್ರಿಕೆಯಲ್ಲಿ ಬಂದರೆ ಬಿಸಿಲಿಗೋ, ಬರಕ್ಕೋ, ಇಲ್ಲವೇ 'ಹಿಂದುಳಿದ' ಎನ್ನುವ ಮಾತಿನ ಜೊತೆಗೋ ಬರುತ್ತದೆ. ಕಾದಂಬರಿಯ ಮುಖಪುಟದ ಮೇಲೆ ಬಂದದ್ದು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಹೋಗುವ ದಾರಿಯಲ್ಲಿ ಮೂವರಿಗೆ ಅದನ್ನು ತೋರಿಸಿದೆ.

ಇಲ್ಲಿ ಓದುವವರು ಕಡಿಮೆ ಎಂದು ಬಹಳ ಜನ ತಿಳಿದಿದ್ದಾರೆ. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆಯಿತು. ಪುಸ್ತಕದ ಮಳಿಗೆಗಳ ಮುಂದೆ ಕಾಲಿಡಲು ಜಾಗ ಇರಲಿಲ್ಲ. ನಾನೇ ಎರಡು ಕೈಚೀಲ ತುಂಬಿಸಿಕೊಂಡು ಬಂದೆ. ಇಲ್ಲಿಯವರೇ ಆದ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಮಣ್ಣಿನ ಮಾತು ಕಾದಂಬರಿಯನ್ನು ಹೊರಬಲ್ಲದು ಎಂದು ಅವರು ಯಾವತ್ತೋ ತೋರಿಸಿಕೊಟ್ಟಿದ್ದಾರೆ.

ನಾವು ಒಂಬತ್ತು ಮಂದಿ ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಕೂಡುತ್ತೇವೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಇಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಆಟೋ ಚಾಲಕ, ಒಬ್ಬ ನರ್ಸಮ್ಮ, ಒಬ್ಬ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ, ಹೀಗೆ ಬೇರೆ ಬೇರೆ ಕೆಲಸದವರು. ನಿಮ್ಮ ಕಾದಂಬರಿಯನ್ನು ಏಳು ಭಾನುವಾರ ಓದಿದೆವು. ಮೊದಲ ಭಾನುವಾರ ಒಂಬತ್ತೂ ಮಂದಿ ಇದ್ದೆವು. ಏಳನೇ ಭಾನುವಾರ ನಾಲ್ವರು ಉಳಿದೆವು.

ಕಥೆಯ ಐದು ಜನ ಇವರು. ಬೇಳೆ ಮಿಲ್ಲಿನಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು. ನಮ್ಮೂರಿನ ರೋಜಾ ಬಡಾವಣೆ ಕಡೆಯ ಒಬ್ಬ ಆಟೋ ಹುಡುಗ. ಸರ್ಕಾರಿ ಆಸ್ಪತ್ರೆಯ ಒಬ್ಬ ನರ್ಸು. ಆಳಂದ ಕಡೆಯ ಒಬ್ಬ ತೊಗರಿ ರೈತ. ಬೆಂಗಳೂರಿನಿಂದ ವರ್ಗವಾಗಿ ಬಂದ ಒಬ್ಬ ಕಾಲೇಜು ಮೇಷ್ಟ್ರು. ಆರಿಸಿದ್ದು ಒಳ್ಳೆಯ ಐದು ಜನ. ಈ ಐವರನ್ನು ಹಿಡಿದರೆ ಊರಿನ ಮುಕ್ಕಾಲು ಪಾಲು ಕೈಗೆ ಸಿಗುತ್ತದೆ. ಅದಕ್ಕೇ ಬೇಜಾರು ಜಾಸ್ತಿ ಆಗಿದ್ದು.

ಈ ಐವರನ್ನು ಕೂಡಿಸಲು ಕಾದಂಬರಿ ಏನೇನು ಮಾಡುತ್ತದೆ ನೋಡಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮೇಷ್ಟ್ರ ಬ್ಯಾಗು, ನರ್ಸಿನ ಬ್ಯಾಗು ಅದಲುಬದಲಾಗುತ್ತವೆ. ಆಟೋ ಹುಡುಗನಿಗೆ ಸಿಕ್ಕ ಮೊಬೈಲು ಮಿಲ್ಲಿನ ಹೆಣ್ಣುಮಗಳದ್ದೇ ಆಗಿರುತ್ತದೆ. ರೈತನಿಗೆ ಬೇಕಾದ ರಕ್ತದ ಗುಂಪು ಇಡೀ ಊರಿನಲ್ಲಿ ಆ ಮೇಷ್ಟ್ರ ಹತ್ತಿರ ಮಾತ್ರ ಇರುತ್ತದೆ. ಕೊನೆಗೆ ಮಿಲ್ಲಿನ ಹೆಣ್ಣುಮಗಳು ಸಣ್ಣವಳಿದ್ದಾಗ ಜಾತ್ರೆಯಲ್ಲಿ ಕಳೆದುಹೋದ ಆ ರೈತನ ತಂಗಿ ಎಂದು ಗೊತ್ತಾಗುತ್ತದೆ. ಒಂದು ಮಳೆಯ ರಾತ್ರಿ ಐವರೂ ಆಸ್ಪತ್ರೆಯ ಒಂದೇ ಪಡಸಾಲೆಯಲ್ಲಿ ಬಂದು ಸೇರುತ್ತಾರೆ. ಕಥೆ ಮುಗಿಯುತ್ತದೆ.

ಬದುಕಿನಲ್ಲಿ ಆಕಸ್ಮಿಕ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಇರುತ್ತದೆ. ಆದರೆ ಐದು ಜನ ಐದು ಸಲ ಎದುರುಬದುರಾದ ಮಾತ್ರಕ್ಕೆ ಅವರ ಬದುಕು ಹೆಣೆದುಕೊಂಡಂತಾಯಿತೇ? ಬಸ್ ಸ್ಟ್ಯಾಂಡಿನಲ್ಲಿ ದಿನಾ ಸಾವಿರಾರು ಜನ ಎದುರಾಗುತ್ತಾರೆ. ಯಾರ ಮನೆಯ ಒಲೆಯ ಮೇಲೂ ಅದರಿಂದ ಏನೂ ಹೆಚ್ಚುಕಮ್ಮಿ ಆಗುವುದಿಲ್ಲ.

ಒಂದೇ ಒಂದು ಉದಾಹರಣೆ ಕೊಡುತ್ತೇನೆ. 98ನೇ ಪುಟದಲ್ಲಿ ಬೇಳೆ ಮಿಲ್ಲು ಬಂದ್ ಆಗುತ್ತದೆ. ಹೆಣ್ಣುಮಗಳ ಕೂಲಿ ನಿಲ್ಲುತ್ತದೆ. ಅವಳ ಕಷ್ಟವನ್ನು ಲೇಖಕರು ಮೂರು ಪುಟ ಬರೆದಿದ್ದಾರೆ. ಆಮೇಲೆ 130ನೇ ಪುಟದಲ್ಲಿ ಆಟೋ ಹುಡುಗ ಅದೇ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದಾನೆ. ಪಾಳಿ ಬಿಟ್ಟು ಬರುವ ಹೆಣ್ಣುಮಕ್ಕಳನ್ನು ಐದೈದು ಜನರಂತೆ ತುಂಬಿಸಿಕೊಂಡು ಹೋಗುತ್ತಾನೆ. ಮಿಲ್ಲು ಬಂದ್ ಆಗಿದೆಯಲ್ಲ? ಪಾಳಿ ಎಲ್ಲಿಂದ ಬಂತು? ನಮ್ಮ ಗುಂಪಿನ ಆಟೋ ಚಾಲಕರು ಅಲ್ಲೇ ಓದು ನಿಲ್ಲಿಸಿದರು. "ಮಿಲ್ ಬಂದಾದ್ರ ಮೊದ್ಲು ಹೊಡ್ತಾ ಬೀಳೋದು ನಮಗ್ರಿ. ಇವನಿಗಿ ಗೊತ್ತೇ ಆಗಿಲ್ಲಲ್ರಿ" ಎಂದರು. ಮುಂದಿನ ಭಾನುವಾರದಿಂದ ಅವರು ಬರಲಿಲ್ಲ.

ನಿಮಗೆ ಇದು ಸಣ್ಣ ಕಣ್ತಪ್ಪು ಅನ್ನಿಸಬಹುದು. ನನಗೆ ಇಡೀ ಕಾದಂಬರಿಯ ಸೋಲು ಆ 32 ಪುಟಗಳ ನಡುವೆ ಕಂಡಿತು. ಹೇಗೆ ಅಂತ ನನ್ನ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ.

ಅಡತ್ ಅಂಗಡಿಯಲ್ಲಿ ಎರಡು ಬಗೆಯ ಪುಸ್ತಕ ಇರುತ್ತವೆ. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ದಿನದ ವ್ಯವಹಾರ ಬಿದ್ದ ಹಾಗೆ ಬರೆಯುತ್ತಾ ಹೋಗಬೇಕು. ಖಾತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಮೊದಲ ದಿನವೇ ನನಗೆ ಹಿರಿಯ ಮುನೀಮರು ಕಲಿಸಿದ್ದು ಒಂದು ಮಾತು. ಒಬ್ಬರ ಪುಟದಲ್ಲಿ ಜಮಾ ಬಿದ್ದರೆ ಇನ್ನೊಬ್ಬರ ಪುಟದಲ್ಲಿ ಖರ್ಚು ಬೀಳಲೇಬೇಕು. ಬೀಳದಿದ್ದರೆ ಎಲ್ಲೋ ತಪ್ಪಾಗಿದೆ, ಹುಡುಕು, ಸಿಗುವವರೆಗೆ ಮನೆಗೆ ಹೋಗಬೇಡ. ಎಷ್ಟೋ ರಾತ್ರಿ ಹತ್ತು ರೂಪಾಯಿ ವ್ಯತ್ಯಾಸಕ್ಕೆ ಹನ್ನೊಂದು ಗಂಟೆಯ ತನಕ ಕುಳಿತಿದ್ದೇನೆ.

ಆ ಖಾತೆ ಪುಸ್ತಕದಲ್ಲಿ ನಾನು ಕಂಡ ಊರನ್ನು ಸ್ವಲ್ಪ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಮಳೆ ಬಿದ್ದ ಕೂಡಲೇ ರೈತರು ಬೀಜಕ್ಕೆ, ಗೊಬ್ಬರಕ್ಕೆ ಕೈಗಡ ಕೇಳಲು ಬರುತ್ತಿದ್ದರು. ಸೇಠಜಿ ತಲೆಯಾಡಿಸಿದರೆ ನಾನು ಒಂದು ಸಾಲು ಬರೆಯುತ್ತಿದ್ದೆ. ಆ ಸಾಲು ಜನವರಿಯವರೆಗೆ ಹಾಗೇ ಕಾಯುತ್ತಿತ್ತು. ತೊಗರಿ ರಾಶಿಯಾಗಿ ಗಂಜಿಗೆ ಬಂದು, ಟೆಂಡರಿನಲ್ಲಿ ಹೋಗಿ, ತೂಕವಾದ ಮೇಲೆ ಪಟ್ಟಿ ಬರೆಯುವಾಗ ಮುರಿದುಕೊಳ್ಳುತ್ತಿದ್ದೆವು. ಅದೇ ದಿನ ಆ ಚೀಲ ಹೊತ್ತ ಹಮಾಲನ ಪುಟಕ್ಕೆ ಅವನ ಹಮಾಲಿ ಜಮಾ. ಅದೇ ಸಂಜೆ ಆ ಹಮಾಲ ಕಿರಾಣಿ ಬಜಾರಿನಲ್ಲಿ ಉದ್ರಿ ತೀರಿಸುತ್ತಿದ್ದ. ಶಾಲೆಯ ಫೀಸು, ಬಾಡಿಗೆ ಮನೆಯ ಬಾಕಿ, ತಂಗಿಯ ಮದುವೆಗೆ ಬಟ್ಟೆ, ಎಲ್ಲದಕ್ಕೂ 'ತೊಗರಿ ಬರಲಿ' ಎನ್ನುವುದೇ ಉತ್ತರ.

ಒಂದು ವರ್ಷ ಹಾಗೆ ಕೈಗಡ ಪಡೆದ ಒಬ್ಬ ರೈತನ ಹೊಲಕ್ಕೆ ನೆಟೆ ರೋಗ ಬಿತ್ತು. ನೆಟೆ ಬಿದ್ದರೆ ಗಿಡ ಹೂವು ಕಾಯಿಯಲ್ಲಿರುವಾಗಲೇ ನಿಂತ ನಿಲುವಿನಲ್ಲೇ ಒಣಗುತ್ತದೆ. ಜನವರಿಯಲ್ಲಿ ಅವನು ಬಂದ, ಚೀಲ ಬರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಸುಮ್ನೆ ಕುಳಿತಿದ್ದ. ನಾನು ಚಹಾ ತರಿಸಿದೆ. ಕಪ್ಪು ಕೈಯಲ್ಲಿ ಹಿಡಿದೇ ಇದ್ದ, ಅದರ ಮೇಲೆ ಕೆನೆ ಕಟ್ಟಿತು. ಅವತ್ತು ನಾಲ್ಕು ಹಮಾಲರೂ ಅದೇ ಕಟ್ಟೆಯ ಆ ಕಡೆ ಸುಮ್ನೆ ಕುಳಿತಿದ್ದರು. ಅವರಿಗೂ ಹೊರಲು ಚೀಲ ಇರಲಿಲ್ಲ. ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ರೈತನ ಹೆಸರು ಹಮಾಲರಿಗೆ ಗೊತ್ತಿಲ್ಲ, ಹಮಾಲರ ಹೆಸರು ರೈತನಿಗೆ ಗೊತ್ತಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಅವರ ಪುಟಗಳು ಒಂದರ ಪಕ್ಕ ಒಂದು ಖಾಲಿ ಇದ್ದವು.

ನಿಮ್ಮ ಕಾದಂಬರಿಯಲ್ಲಿ ಐದು ಖಾತೆಗಳಿವೆ. ಕಿರ್ದಿ ಇಲ್ಲ. ಒಬ್ಬರ ಪುಟದಲ್ಲಿ ಬಿದ್ದದ್ದು ಇನ್ನೊಬ್ಬರ ಪುಟಕ್ಕೆ ಹೋಗುವುದೇ ಇಲ್ಲ. ಹೆಣ್ಣುಮಗಳ ಕೂಲಿ ನಿಂತರೆ ಆಟೋದವನ ಬಾಡಿಗೆ ನಿಲ್ಲುವುದಿಲ್ಲ. ರೈತನ ಬೆಳೆ ಹೋದರೆ ಮಿಲ್ಲಿಗೆ ಏನೂ ಆಗುವುದಿಲ್ಲ. ಭೇಟಿ ಮಾಡಿಸಿದ್ದಾರೆ, ಸಂಬಂಧ ಕಟ್ಟಿಲ್ಲ.

ಗಂಜಿನಲ್ಲಿ ಕಸ ಹೊಡೆಯುವ ಹೆಣ್ಣುಮಕ್ಕಳನ್ನು ನೋಡಿದ್ದೀರಾ? ಚೀಲ ಸುರಿಯುವಾಗ, ಅಳೆಯುವಾಗ, ದಬ್ಬಣದಿಂದ ಹೊಲಿಯುವಾಗ ನಾಲ್ಕು ಕಾಳು ಕೆಳಗೆ ಬೀಳುತ್ತವೆ. ಅವರು ಅದನ್ನು ಮಣ್ಣಿನ ಸಮೇತ ಗುಡಿಸಿ ಒಂದು ಕಡೆ ಕೂಡಿಹಾಕುತ್ತಾರೆ. ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಕುಳಿತು ಮೊರದಲ್ಲಿ ಕೇರುತ್ತಾರೆ. ಮೊರವನ್ನು ಒಂದು ಕಡೆಗೆ ವಾಲಿಸಿ ಬೆರಳಿನಿಂದ ತಟ್ಟುತ್ತಾರೆ, ಹರಳು ಬೇರೆ, ಕಾಳು ಬೇರೆ. ಸಂಜೆಗೆ ಸೆರಗಿನಲ್ಲಿ ಒಂದು ಗಂಟು ಆಗುತ್ತದೆ. ಆಳಂದ ಕಡೆಯ ಯಾವುದೋ ಹೊಲದ ತೊಗರಿ ಹೀಗೆ ಅವರ ಮನೆಯ ಬೇಳೆಯಾಗುತ್ತದೆ. ಆ ರೈತನನ್ನೂ ಈ ಹೆಣ್ಣುಮಗಳನ್ನೂ ಬೆಸೆಯಲು ಇದು ಸಾಲದೇ? ಜಾತ್ರೆಯಲ್ಲಿ ಕಳೆದುಹೋದ ತಂಗಿ ಯಾಕೆ ಬೇಕಿತ್ತು?

ಜಾತ್ರೆ ಅಂದಾಗ ನೆನಪಾಯಿತು. ಶರಣಬಸವೇಶ್ವರ ಜಾತ್ರೆ ಮತ್ತು ಬಂದೇ ನವಾಜ್ ಉರುಸು, ಎರಡೂ ಈ ಕಾದಂಬರಿಯಲ್ಲಿ ಬರುತ್ತವೆ. ಆದರೆ ಕ್ಯಾಲೆಂಡರಿನ ಚಿತ್ರದ ಹಾಗೆ ಬಂದು ಹೋಗುತ್ತವೆ. ನಮ್ಮ ಅಂಗಡಿಯ ಹಮಾಲರು ಎರಡಕ್ಕೂ ರಜೆ ಹಾಕುತ್ತಿದ್ದರು, ಎರಡಕ್ಕೂ ಮುಂಗಡ ಕೇಳುತ್ತಿದ್ದರು. ಜಾತ್ರೆಗೆ ಇಂಥವರು, ಉರುಸಿಗೆ ಇಂಥವರು ಎಂದು ಎರಡು ಪಟ್ಟಿ ಮಾಡುವ ಪ್ರಸಂಗ ನನಗೆ 31 ವರ್ಷದಲ್ಲಿ ಬರಲಿಲ್ಲ. ಊರು ಹೆಣೆದುಕೊಂಡಿರುವುದು ಹೀಗೆ. ಇದನ್ನು ಬರೆಯಲು ಯಾವ ಆಕಸ್ಮಿಕವೂ ಬೇಡ.

ಇಂಥ ಕಾದಂಬರಿ ಬರೆಯುವುದು ಕಷ್ಟ ಎಂದು ನನಗೆ ಗೊತ್ತು. ಆದರೆ ಕನ್ನಡಕ್ಕೆ ಹೊಸದೇನೂ ಅಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಒಡೆಯ, ಆಳು, ಸಾಲ, ಜೀತ, ಮದುವೆ, ಕಾಡು ಎಲ್ಲ ಅಲ್ಲಿ ಒಂದನ್ನೊಂದು ಎಳೆಯುತ್ತವೆ. ಒಬ್ಬರು ಕದಲಿದರೆ ಇನ್ನೊಬ್ಬರು ಕದಲುತ್ತಾರೆ. ಮಲೆನಾಡನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ಆದರೂ ಆ ಪುಸ್ತಕ ಓದಿದಾಗ ನಮ್ಮ ಗಂಜೇ ನೆನಪಾಗಿತ್ತು.

ಈಗ ಮಾತಿನ ವಿಷಯ. ಮಿಲ್ಲಿನ ಹೆಣ್ಣುಮಗಳು ತನ್ನ ತಾಯಿಗೆ 'ಹೋಗ್ತಾ ಇದ್ದೀನಿ ಕಣಮ್ಮ' ಎನ್ನುತ್ತಾಳೆ. 'ಕಣಮ್ಮ', 'ಕಣೋ' ನಮ್ಮ ಕಡೆ ಯಾವ ಮನೆಯಲ್ಲೂ ಕೇಳುವುದಿಲ್ಲ. ಎರಡು ಪುಟ ಆದ ಮೇಲೆ ಅವಳೇ 'ಹೋಗಾಕತ್ತೀನಿ' ಎನ್ನುತ್ತಾಳೆ. ಅದು ಧಾರವಾಡ ಕಡೆಯದು. ನಮ್ಮ ಕಲಬುರಗಿಯಲ್ಲಿ 'ಹೋಗ್ಲಾಕತ್ತೀನಿ ಯವ್ವಾ' ಎನ್ನುತ್ತೇವೆ. ಬೀದರ ಕಡೆ ಹೋದರೆ ಅದೂ ಬದಲಾಗುತ್ತದೆ. ರೋಜಾದ ಆಟೋ ಹುಡುಗ ಮನೆಯಲ್ಲಿ ತನ್ನ ಅಮ್ಮಿಯ ಜೊತೆ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾನೆ. ಖರೇ ಹೇಳಬೇಕೆಂದರೆ ಅವನ ಮನೆ ಮಾತು ದಖನಿ ಉರ್ದು. ಪ್ಯಾಸೆಂಜರ್ ಹತ್ತಿದ ಕೂಡಲೇ ಅವನ ಬಾಯಿಂದ ಬರುವ ಕನ್ನಡ ನಮ್ಮ ಕನ್ನಡಕ್ಕಿಂತ ಚುರುಕು. ಆ ಒಂದು ಬದಲಾವಣೆಯನ್ನು ಬರೆದಿದ್ದರೆ ಅವನು ಜೀವಂತ ಆಗಿಬಿಡುತ್ತಿದ್ದ.

ಇದು ಬರೀ ಅಕ್ಷರದ ತಕರಾರು ಅಂದುಕೊಳ್ಳಬೇಡಿ. 'ಕವಿರಾಜಮಾರ್ಗ' ಹುಟ್ಟಿದ್ದು ನಮ್ಮ ಜಿಲ್ಲೆಯ ಮಳಖೇಡದಲ್ಲಿ. ಅದು 9ನೇ ಶತಮಾನದ ಮಾತು. ಕಾಗಿಣಾ ನದಿಯ ದಡದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕುಳಿತು ಶ್ರೀವಿಜಯ ಆಗಲೇ ಬರೆದಿದ್ದಾನೆ: ಸೀಮೆ ಸೀಮೆಗೂ ಕನ್ನಡ ಬೇರೆ, ಅದರ ತಪ್ಪು ಒಪ್ಪು ಎಣಿಸಲು ಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರುತ್ತದೆ ಎಂದು. ಅಂಥ ಊರಿನ ಕಥೆಯನ್ನು ಅಚ್ಚು ಹಾಕುವಾಗ ನೀವು ಇಲ್ಲಿನವರೊಬ್ಬರಿಗೆ ಸಂಭಾಷಣೆ ಓದಿ ಹೇಳಬಹುದಿತ್ತು, ಅಲ್ವಾ? ಫೋನಿನಲ್ಲೇ ಆಗುವ ಕೆಲಸ.

ಊರಿನ ವಿವರಗಳಲ್ಲಿ ತಪ್ಪು ಬಹಳ ಇವೆ. ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. 61ನೇ ಪುಟದಲ್ಲಿ ನರ್ಸು ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾಳೆ. ಗಾಜಿನ ಬಾಗಿಲು ತಳ್ಳುತ್ತಾಳೆ, ಏಸಿಯ ತಂಪಿನಲ್ಲಿ ಟ್ರಾಲಿ ದೂಡುತ್ತಾಳೆ, ಕಾರ್ಡಿನಲ್ಲಿ ದುಡ್ಡು ಕೊಡುತ್ತಾಳೆ. ನಮ್ಮೂರಲ್ಲಿ ಸೂಪರ್ ಮಾರ್ಕೆಟ್ ಅಂದರೆ ಅಂಗಡಿ ಅಲ್ಲ, ಅದೊಂದು ಪೇಟೆ. ಬಟ್ಟೆ, ಬಳೆ, ಚಪ್ಪಲಿ, ಹಣ್ಣಿನ ತಳ್ಳುಗಾಡಿ, ಸಿಟಿ ಬಸ್ಸು, ಎಲ್ಲ ಒಂದೇ ಕಡೆ. ಮದುವೆ ಬಟ್ಟೆಗೆ ಹಳ್ಳಿಯಿಂದ ಬಂದವರು ಅಲ್ಲಿ ಇಡೀ ದಿನ ಸುತ್ತುತ್ತಾರೆ. ಲೇಖಕರು ನಕ್ಷೆಯಲ್ಲಿ ಆ ಹೆಸರು ನೋಡಿ ಉಳಿದದ್ದನ್ನು ಊಹಿಸಿ ಬರೆದಿದ್ದಾರೆ. ಆ ಒಂದು ಪುಟ ಓದಿದ ಮೇಲೆ ಉಳಿದ ಯಾವ ಪುಟವನ್ನು ನಂಬುವುದಕ್ಕೂ ನಮಗೆ ಆಗಲಿಲ್ಲ.

203ನೇ ಪುಟದಲ್ಲಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತೊಗರಿ ಹೊಲ ಹಳದಿ ಹೂವಿನಿಂದ ತುಂಬಿದೆ. ತೊಗರಿಯನ್ನು ಜೂನ್, ಜುಲೈನಲ್ಲಿ ಬಿತ್ತುತ್ತಾರೆ. ಹೂವು ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ರಾಶಿ ಡಿಸೆಂಬರ್, ಜನವರಿಗೆ. ಏಪ್ರಿಲ್‌ನಲ್ಲಿ ಎರೆ ಹೊಲದಲ್ಲಿ ಏನೂ ಇರುವುದಿಲ್ಲ, ನೆಲ ಬಿರಿದು ಬಾಯಿ ಬಿಟ್ಟಿರುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಈ ಊರಿನ ಕಥೆಯಲ್ಲಿ ಬೇರೇನು ತಪ್ಪಿದರೂ ತೊಗರಿ ತಪ್ಪಬಾರದಿತ್ತು.

ಮೇ ತಿಂಗಳ ಮಧ್ಯಾಹ್ನ ನಾಲ್ಕು ಗಂಟೆಗೆ ರೈತ ಸರ್ಕಾರಿ ಕಚೇರಿಯಲ್ಲಿ ಸಾಹೇಬರಿಗಾಗಿ ಕಾಯುತ್ತಾನೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸೆಕೆ ಅಷ್ಟಿರುತ್ತದೆ.

ಕೊನೆಯ ರಾತ್ರಿಯ ಪ್ರವಾಹದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಭೀಮೆಯ ನೀರು ಊರ ನಡುವಿನ ಜಗತ್ ಸರ್ಕಲ್ಲಿನ ತನಕ ಬಂದು ಐವರನ್ನೂ ಆಸ್ಪತ್ರೆಗೆ ನೂಕುತ್ತದೆ. ಭೀಮಾ ನದಿ ನಮ್ಮೂರಿನ ಪಕ್ಕ ಹರಿಯುವುದಿಲ್ಲ. ಜೇವರ್ಗಿ ರಸ್ತೆಯಲ್ಲಿ ಬಸ್ಸು ಹತ್ತಿ ಕಟ್ಟಿಸಂಗಾವಿ ಸೇತುವೆಯವರೆಗೆ ಹೋದರೆ ಭೀಮೆ ಸಿಗುತ್ತಾಳೆ. ಆದರೂ ಭೀಮೆಯ ಪ್ರವಾಹ ನಮ್ಮೂರನ್ನು ಮುಟ್ಟುತ್ತದೆ, ಹೇಗೆ ಅಂತ ನಾನು ನೋಡಿದ್ದೇನೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಕಡೆಯಿಂದ ನೀರು ಬಿಟ್ಟು, ಇಲ್ಲಿಯೂ ಮಳೆ ಸುರಿದು, ಅಫಜಲಪುರ, ಜೇವರ್ಗಿ ಕಡೆಯ ನದಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ತೊಗರಿ ಹೂವಿನಲ್ಲಿದ್ದ ಹೊತ್ತು ಅದು. ಪ್ರವಾಹ ಇಳಿದು ಮೂರು ತಿಂಗಳಾದ ಮೇಲೆ, ಜನವರಿಯಲ್ಲಿ, ಅದು ಗಂಜಿಗೆ ಬಂತು. ಆ ಕಡೆಯ ರೈತರ ಚೀಲ ಬರಲಿಲ್ಲ. ಬಂದ ಕೆಲವು ಚೀಲದ ಕಾಳು ಕಪ್ಪಗಿತ್ತು. ಫೆಬ್ರವರಿಯಲ್ಲಿ ನಮ್ಮ ಓಣಿಗೆ ಹೊಸಬರು ಮೂರು ಸಂಸಾರ ಬಾಡಿಗೆ ಕೋಣೆ ಕೇಳಿಕೊಂಡು ಬಂದರು. ಇನ್ನೊಂದಿಷ್ಟು ಜನ ಪುಣೆ, ಮುಂಬೈ ಕಡೆ ಗುಳೆ ಹೋದರು. ನೀರು ಊರೊಳಗೆ ಬರಲಿಲ್ಲ, ಪ್ರವಾಹ ಬಂತು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಕೊನೆ ಬೇಕಿತ್ತೇ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಈ ಪುಸ್ತಕದ 14ನೇ ಅಧ್ಯಾಯ ಬಹಳ ಚೆನ್ನಾಗಿದೆ. ಹನ್ನೊಂದೇ ಪುಟ. ಮಿಲ್ಲಿನ ಹೆಣ್ಣುಮಗಳ ಅತ್ತೆಗೆ ಕಣ್ಣು ಹೋಗಿದೆ. ಒಲೆಯಿಂದ ದೂರ, ಬಾಗಿಲ ಹತ್ತಿರ ಕುಳಿತು ಅವಳು ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಾಳೆ. ಸದ್ದು ಜೋರಾಗಿದ್ದರೆ ಮಿಲ್ಲಿನಲ್ಲಿ ಏನೋ ಆಗಿದೆ. ನಡುನಡುವೆ ನಿಂತರೆ ಸೊಸೆ ಅಳುತ್ತಿದ್ದಾಳೆ. ಅವತ್ತು ಅತ್ತೆ 'ನನಗೆ ಹಸಿವಿಲ್ಲ' ಎಂದು ಒಂದು ರೊಟ್ಟಿ ಕಡಿಮೆ ತಿನ್ನುತ್ತಾಳೆ. ಇದನ್ನು ಓದಿದ ಭಾನುವಾರ ನಾವು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನರ್ಸಿನ ಅಧ್ಯಾಯ ಓದಿ "ಈಕಿ ಒಂದ್ ರಾತ್ರಿನೂ ಡ್ಯೂಟಿ ಮಾಡ್ದಕಿ ಅಲ್ರಿ" ಎಂದಿದ್ದ ನಮ್ಮ ನರ್ಸಮ್ಮನೇ, "ಇದನ್ನ ಬರ್ದವ್ರು ಅದನ್ಯಾಕ ಹಂಗ್ ಬರದ್ರು?" ಎಂದು ಕೇಳಿದರು.

ಅದೇ ಪ್ರಶ್ನೆಯನ್ನು ನಾನು ನಿಮಗೆ ಕೇಳುತ್ತಿದ್ದೇನೆ, ಲೇಖಕರಿಗೆ ಅಲ್ಲ. ಆ ಹನ್ನೊಂದು ಪುಟ ಬರೆದವರಿಗೆ ಬರೆಯಲು ಬರುತ್ತದೆ. ಒಂದು ಸದ್ದು ಇಬ್ಬರ ಹೊಟ್ಟೆಯನ್ನು ಹೇಗೆ ಮುಟ್ಟುತ್ತದೆ ಎಂದು ಅವರಿಗೆ ಗೊತ್ತಿದೆ. ಆದರೆ ಹಸ್ತಪ್ರತಿ ನಿಮ್ಮ ಕೈಗೆ ಬಂದಾಗ ಯಾರಾದರೂ ಕುಳಿತು ಓದಿ, 'ಈ ಅಧ್ಯಾಯದ ಹಾಗೆ ಉಳಿದವನ್ನೂ ಬರೆಯಿರಿ, ಇನ್ನೊಂದು ವರ್ಷ ತಗೊಳ್ಳಿ, ಆ ಊರಿಗೆ ಹೋಗಿ ಬನ್ನಿ' ಎಂದು ಹೇಳಬೇಕಿತ್ತು. ಮಿಲ್ಲು ಬಂದ್ ಆದ ಮೇಲೆ ಪಾಳಿ ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಅದು ನಿಮ್ಮ ಕೆಲಸ. ಪುಸ್ತಕದ ಮೊದಲ ಪುಟಗಳಲ್ಲಿ ಮುಖಪುಟ ಮಾಡಿದವರ ಹೆಸರಿದೆ, ಮುದ್ರಣಾಲಯದ ಹೆಸರಿದೆ. ತಿದ್ದಿದವರ ಹೆಸರು ಎಲ್ಲೂ ಇಲ್ಲ.

ಓದುಗ ತನ್ನ ದುಡ್ಡಿನಲ್ಲಿ ಕೊಂಡ ಪುಸ್ತಕ ಅವನ ಪಾಡು ಎಂದು ನೀವು ಹೇಳಬಹುದು. ಆದರೆ ಇದು ಗ್ರಂಥಾಲಯಕ್ಕೂ ಬಂದಿದೆ. ಸಗಟು ಖರೀದಿಯಲ್ಲಿ ಬಂದ ಪ್ರತಿಯನ್ನು ನಾನೇ ಕಪಾಟಿನಲ್ಲಿ ನೋಡಿದೆ. ನಾವು ಮನೆ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದ ದುಡ್ಡು ಅದು. ಚಿಂಚೋಳಿಯಲ್ಲೋ, ಸೇಡಂನಲ್ಲೋ ಒಬ್ಬ ಕಾಲೇಜು ಹುಡುಗಿ ಅದನ್ನು ತೆಗೆದು ಓದುತ್ತಾಳೆ. ಪುಸ್ತಕದಲ್ಲಿ ತನ್ನ ಮಾತು ಇಲ್ಲ, ತನ್ನ ಹೊಲ ಇಲ್ಲ. ಆಗ ಅವಳಿಗೆ ಪುಸ್ತಕ ತಪ್ಪು ಅನ್ನಿಸುವುದಿಲ್ಲ. ತನ್ನ ಮಾತೇ ತಪ್ಪು ಅ­ನ್ನಿಸುತ್ತದೆ. ಈ ಪತ್ರ ಬರೆಯುವಂತೆ ಮಾಡಿದ್ದು ಅದೊಂದೇ ಯೋಚನೆ.

ಆದ್ದರಿಂದ ನಿಮ್ಮಲ್ಲಿ ಕೆಲವು ವಿನಂತಿ. ಎರಡನೇ ಮುದ್ರಣ ತರುತ್ತೀರಿ ಎಂದು ಕೇಳಿದ್ದೇನೆ. ದಯವಿಟ್ಟು ಹಾಗೇ ಅಚ್ಚು ಹಾಕಬೇಡಿ. ಕಡೇ ಪಕ್ಷ ತೊಗರಿಯ ತಿಂಗಳು, ಭೀಮೆಯ ದಾರಿ, ಸೂಪರ್ ಮಾರ್ಕೆಟ್, ಕಚೇರಿಯ ಹೊತ್ತು, ಮಿಲ್ಲಿನ ಪಾಳಿ, ಇವನ್ನು ಸರಿಮಾಡಿಸಿ. ಸಂಭಾಷಣೆಯನ್ನು ಇಲ್ಲಿನ ಇಬ್ಬರಿಗೆ, ಅದರಲ್ಲೂ ಒಬ್ಬ ಹೆಣ್ಣುಮಗಳಿಗೆ, ಗಟ್ಟಿಯಾಗಿ ಓದಿಸಿ. ನಮ್ಮ ಗುಂಪು ಒಂದು ರೂಪಾಯಿಯೂ ತೆಗೆದುಕೊಳ್ಳದೆ ಈ ಕೆಲಸ ಮಾಡಿಕೊಡುತ್ತದೆ. ಮುಂದೆ ಯಾವ ಜಿಲ್ಲೆಯ ಹೆಸರಿಟ್ಟು ಪುಸ್ತಕ ತಂದರೂ ಆ ಜಿಲ್ಲೆಯವರು ಒಬ್ಬರು ಹಸ್ತಪ್ರತಿ ನೋಡಿರಬೇಕು ಎನ್ನುವ ನಿಯಮವನ್ನು ನೀವೇ ಮಾಡಿಕೊಳ್ಳಿ. ತಿದ್ದಿದವರ ಹೆಸರನ್ನು ಅಚ್ಚು ಹಾಕಿ. ಹೆಸರು ಹಾಕಿದರೆ ಜವಾಬ್ದಾರಿಯೂ ಬರುತ್ತದೆ, ಗೌರವವೂ ಬರುತ್ತದೆ.

ಲೇಖಕರಿಗೆ ನನ್ನದೊಂದು ಮಾತು ಮುಟ್ಟಿಸಿ. ಬರುವ ಜನವರಿಯಲ್ಲಿ ಒಂದು ವಾರ ಇಲ್ಲಿಗೆ ಬರಲಿ. ಉಳಿಯಲು ನಮ್ಮ ಮನೆಯ ಮಾಳಿಗೆ ಕೋಣೆ ಖಾಲಿ ಇದೆ. ಬೆಳಿಗ್ಗೆ ನಾನೇ ಗಂಜಿಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಹಳೆಯ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅವರು ಸುಮ್ನೆ ನೋಡಿದರೂ ಸಾಕು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಮ್ಮ ಮನೆಯಲ್ಲಿ.

ನಾವು ಓದಿದ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದೇವೆ. 14ನೇ ಅಧ್ಯಾಯದಲ್ಲಿ ಒಂದೂ ಗುರುತಿಲ್ಲ.

ನಿಮ್ಮ ಉತ್ತರದ ದಾರಿ ಕಾಯುತ್ತಾ,

ಇಂತಿ ನಿಮ್ಮ ಓದುಗ,
ಗಂಜಿನ ಒಬ್ಬ ನಿವೃತ್ತ ಮುನೀಮ
ಕಲಬುರಗಿ